ರ‍್ಯಾಪ್ ಸಿನಿಮಾಗೆ ನಾಲ್ವರು ಗೆಳೆಯರು ಯಾಕೆ ಬೇಕು?

ಕಳೆದ ತಿಂಗಳು ಬಾಗಲಕೋಟೆಯ ನವನಗರದಲ್ಲಿರುವ ಕಾಕುನ (ಚಿಕ್ಕಮ್ಮನ) ಮನೆಗೆ ಹೋಗಿದ್ದೆ. ಮಾಳಿಗೆ ಮೇಲಿನ ಕೋಣೆಯಲ್ಲಿ ಅವರ ಮಗ ಮತ್ತು ಅವನ ಮೂವರು ಗೆಳೆಯರು ಒಂದು ಮೊಬೈಲು, ಬಾಡಿಗೆಗೆ ತಂದ ಒಂದು ಮೈಕು ಇಟ್ಟುಕೊಂಡು ಕೂತಿದ್ದರು. ಸಿನಿಮಾ ಮಾಡ್ತಾ ಇದ್ದಾರಂತೆ. ಡಿಗ್ರಿ ಮುಗಿಸಿದ ನಾಲ್ವರು ಹುಡುಗರು ರ‍್ಯಾಪ್ ಕಟ್ಟೋಕೆ ಶುರು ಮಾಡುತ್ತಾರೆ, ಅವರಲ್ಲಿ ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಗುತ್ತದೆ, ಆಮೇಲೆ ಏನಾಗುತ್ತದೆ ಅನ್ನೋದೇ ಕಥೆ. ಕಾಕು ಚಹಾ ತಂದಿಟ್ಟು ಸ್ವಲ್ಪ ಹೊತ್ತು ನಿಂತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, “ಅಲ್ಲೋ ತಮ್ಮಾ, ಇದು ಬರೇ ಜೋರ್ ಜೋರ್ ಮಾತಾಡೂದ ಐತಿ. ಇದಕ್ಕ ನಾಕ್ ಮಂದಿ ಯಾಕ ಬೇಕು? ಒಬ್ಬಾಂವ ಸಾಲೂದಿಲ್ಲೇನು?” ಅಂದರು.

ನಾನು ಆಗ ಏನೋ ಒಂದು ಹೇಳಿದೆ. ಆದರೆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಮಕ್ಕಳು ದಿನಾ ಫೋನಿನಲ್ಲಿ ಕೇಳೋದು ಇದನ್ನೇ, ಈಗ ತಾವೇ ಮಾಡುತ್ತೇವೆ ಅಂತಲೂ ಹೊರಟಿದ್ದಾರೆ. ಮನೆಯವರಿಗೆ ಇದು ಏನು, ಹೇಗೆ ಕಟ್ಟುತ್ತಾರೆ ಅನ್ನೋದು ಗೊತ್ತಿರಬೇಕು ಅಲ್ವಾ? ಅದಕ್ಕೆ ಬುಡದಿಂದ ಬರೆಯುತ್ತಿದ್ದೇನೆ.

ಹಾಡಾ, ಮಾತಾ?

ಎರಡರ ನಡುವೆ. ಹಾಡಿನಲ್ಲಿ ದನಿ ಮೇಲೆ ಹೋಗುತ್ತೆ, ಕೆಳಗೆ ಬರುತ್ತೆ, ಅದನ್ನು ರಾಗ ಅಂತೀವಿ. ರ‍್ಯಾಪ್‌ನಲ್ಲಿ ರಾಗ ಕಡಿಮೆ. ಆದರೆ ತಾಳ ಬಹಳ ಬಿಗಿ. ಮಾತನ್ನೇ ತಾಳಕ್ಕೆ ಕೂರಿಸಿ, ಪ್ರಾಸ ಹೊಂದಿಸಿ ಹೇಳೋದು ರ‍್ಯಾಪ್. ಹಿಂದೆ ಕೇಳಿಸುವ ತಾಳದ ಸಂಗೀತಕ್ಕೆ ಬೀಟ್ ಅಂತಾರೆ.

ಹಿಪ್‌ಹಾಪ್ ಅನ್ನೋದು ಇದಕ್ಕಿಂತ ದೊಡ್ಡ ಮನೆ. ರ‍್ಯಾಪ್, ಡಿಜೆ, ಬ್ರೇಕ್ ಡಾನ್ಸ್, ಗೋಡೆ ಮೇಲಿನ ಚಿತ್ರ ಎಲ್ಲಾ ಆ ಮನೆಯ ಮಕ್ಕಳು. ಅದು ಹುಟ್ಟಿದ ದಿನ ಅಂತ ಎಲ್ಲರೂ ಹೇಳೋದು 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಒಂದು ಪಾರ್ಟಿ ನಡೆಯಿತು. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಅದನ್ನು ಏರ್ಪಡಿಸಿದ್ದಳು. ಜಮೈಕಾದಲ್ಲಿ ಹುಟ್ಟಿ ಬ್ರಾಂಕ್ಸ್‌ಗೆ ಬಂದಿದ್ದ ಅವಳ ಅಣ್ಣ ರೆಕಾರ್ಡು ಹಾಕುತ್ತಿದ್ದ. ಅವನೇ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಬರೀ ಡ್ರಮ್ ಬಾರಿಸುವ ತುಣುಕು ಬಂದಾಗ ಜನ ಜಾಸ್ತಿ ಕುಣಿಯೋದನ್ನು ಅವನು ಗಮನಿಸಿದ್ದ. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು, ಆ ತುಣುಕನ್ನೇ ಒಂದಾದ ಮೇಲೆ ಒಂದು ತಿರುಗಿಸಿ ಉದ್ದ ಮಾಡುತ್ತಿದ್ದ.

ಆಗ ಮೈಕ್ ಹಿಡಿದವನು ಅವನ ಗೆಳೆಯ ಕೋಕ್ ಲಾ ರಾಕ್. ಅವನು ಮಾಡಿದ್ದು ಏನು ಗೊತ್ತಾ? ಪಾರ್ಟಿಗೆ ಬಂದ ಗೆಳೆಯರ ಹೆಸರು ಹಿಡಿದು ತಾಳಕ್ಕೆ ಸರಿಯಾಗಿ ಕೂಗಿದ. ಹಿಪ್‌ಹಾಪ್‌ನ ಮೊದಲ ಎಂಸಿ, ಅಂದರೆ ಮೈಕ್ ಹಿಡಿದು ತಾಳಕ್ಕೆ ಹೇಳುವವನು, ಅಂತ ಅವನನ್ನೇ ಹೇಳುತ್ತಾರೆ. ಅಂದರೆ ಈ ಕಲೆ ಶುರುವಾಗಿದ್ದೇ ಗೆಳೆಯರನ್ನು ಹೆಸರು ಹಿಡಿದು ಕರೆಯೋದರಿಂದ. ಕಾಕುನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹದಿನಾರು ಖಾನೆಗಳು

ಈಗ ಕಸುಬಿಗೆ ಬರೋಣ. ನಾಲ್ಕು ಚಪ್ಪಾಳೆ ಒಂದೇ ಅಂತರದಲ್ಲಿ ಹೊಡೆಯಿರಿ. ಅದು ಒಂದು ಬಾರ್. ಒಂದೊಂದು ಚಪ್ಪಾಳೆಯ ಜಾಗವನ್ನು ಮತ್ತೆ ನಾಲ್ಕು ಸಣ್ಣ ಖಾನೆ ಮಾಡಿಕೊಳ್ಳಿ. ಒಟ್ಟು ಹದಿನಾರು ಖಾನೆ. ರ‍್ಯಾಪ್ ಬರೆಯೋದು ಅಂದರೆ ಈ ಖಾನೆಗಳಲ್ಲಿ ಅಕ್ಷರ ತುಂಬೋದು, ಎಲ್ಲಿ ಖಾಲಿ ಬಿಡಬೇಕು ಅಂತ ನಿರ್ಧಾರ ಮಾಡೋದು.

ಇದು ನಮಗೆ ಹೊಸದಲ್ಲ. ಹೈಸ್ಕೂಲಿನಲ್ಲಿ ಲಘು, ಗುರು ಕಲಿತದ್ದು ನೆನಪಿದೆಯಾ? ಲಘುಗೆ ಒಂದು ಮಾತ್ರೆ, ಗುರುಗೆ ಎರಡು. ದೀರ್ಘ ಅಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರವೂ ಗುರು. ಮಾತ್ರೆ ಅಂದರೆ ಒಂದು ಖಾನೆ ಅಂದುಕೊಳ್ಳಿ, ಲೆಕ್ಕ ಅಲ್ಲಿಗೇ ಬಂತು. ಆ ಹುಡುಗರು ರಬಕವಿ-ಬನಹಟ್ಟಿಯ ನೇಕಾರರ ಓಣಿ ಮೇಲೆ ಬರೆದ ಎರಡು ಸಾಲು ನೋಡಿ:

ಮಗ್ಗದ | ಸದ್ದಿಗೆ | ಎದ್ದಿತು | ಓಣಿ
ಸಾಲದ | ಮನೆಯಲಿ | ಹಾಡೇ | ಏಣಿ

‘ಮಗ್ಗದ’ದಲ್ಲಿ ಮ ಗುರು, ಉಳಿದೆರಡು ಲಘು. ಎರಡು, ಒಂದು, ಒಂದು, ಒಟ್ಟು ನಾಲ್ಕು. ‘ಸದ್ದಿಗೆ’ಯೂ ಹಾಗೇ, ‘ಎದ್ದಿತು’ವೂ ಹಾಗೇ. ಪ್ರತಿ ಪದದ ಮೊದಲ ಅಕ್ಷರ ಸರಿಯಾಗಿ ಚಪ್ಪಾಳೆ ಮೇಲೆ ಬೀಳುತ್ತದೆ. ಕೊನೆಯ ‘ಓಣಿ’ಗೆ ಮೂರೇ ಮಾತ್ರೆ. ಹದಿನಾರನೇ ಖಾನೆ ಖಾಲಿ. ಆ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ನಮ್ಮ ಶರ ಷಟ್ಪದಿ ಕೂಡ ಇಂಥದ್ದೇ ನಾಲ್ಕು ಮಾತ್ರೆಯ ಗಣಗಳ ಮೇಲೆ ನಡೆಯುತ್ತದೆ.

ಯಾವಾಗಲೂ ಹೀಗೇ ಚಪ್ಪಾಳೆ ಮೇಲೆ ಬಿದ್ದರೆ ಕೇಳೋಕೆ ಬೇಜಾರು. ಪೆರೇಡ್ ಥರ ಆಗುತ್ತೆ. ಅದಕ್ಕೆ ರ‍್ಯಾಪರ್‌ಗಳು ಬೇಕಂತಲೇ ಜಾರಿಸುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ “ಗದಗ ಗದಗ ಗದಗ” ಅಂತ ಕೂಗೋದು ಕೇಳಿದ್ದೀರಲ್ಲ? ಗದಗ ಅಂದರೆ ಮೂರು ಮಾತ್ರೆ. ನಾಲ್ಕು ಖಾನೆಯ ಚಪ್ಪಾಳೆ ಹೊಡೆಯುತ್ತಾ ಅದನ್ನು ಹೇಳಿ ನೋಡಿ. ಮೊದಲ ‘ಗ’ ಚಪ್ಪಾಳೆ ಮೇಲೆ ಬೀಳುತ್ತೆ, ಎರಡನೇ ‘ಗದಗ’ ಒಂದು ಖಾನೆ ಮುಂಚೆ, ಮೂರನೆಯದು ಎರಡು ಖಾನೆ ಮುಂಚೆ, ನಾಲ್ಕನೆಯದು ಮೂರು ಖಾನೆ ಮುಂಚೆ. ಹನ್ನೆರಡು ಖಾನೆ ಆದ ಮೇಲೆ ಐದನೆಯದು ಮತ್ತೆ ಚಪ್ಪಾಳೆಗೆ ಬಂದು ಸೇರುತ್ತೆ. ದಾರಿ ತಪ್ಪಿ ಮತ್ತೆ ಮನೆಗೆ ಬಂದ ಹಾಗೆ ಒಂದು ಖುಷಿ ಅದು. ಪದಗಳು ಬೀಟಿನ ಮೇಲೆ ಹೀಗೆ ನಡೆಯುವ ರೀತಿಗೆ ಫ್ಲೋ ಅಂತಾರೆ. ಒಬ್ಬೊಬ್ಬರ ನಡಿಗೆ ಬೇರೆ ಇರುವ ಹಾಗೆ ಒಬ್ಬೊಬ್ಬರ ಫ್ಲೋ ಬೇರೆ.

ಪ್ರಾಸದಲ್ಲಿ ಕನ್ನಡಕ್ಕೊಂದು ಕಷ್ಟ

ಕನ್ನಡದಲ್ಲಿ ವಾಕ್ಯ ಮುಗಿಯೋದು ಕ್ರಿಯಾಪದದಲ್ಲಿ. ಊರಿಗೆ ಹೋಗ್ತೀನಿ, ಚಹಾ ಕುಡೀತೀನಿ, ಹಾಡು ಬರೀತೀನಿ. ನೋಡಿ, ಏನೂ ಮಾಡದೆ ಪ್ರಾಸ ಬಂತು! ಹಾಗಾಗಿ ಇದಕ್ಕೆ ಬೆಲೆ ಇಲ್ಲ. ಹೊಸದಾಗಿ ಬರೆಯುವವರು ಮೊದಲು ಬೀಳೋದು ಈ ಗುಂಡಿಯಲ್ಲೇ. ಎಲ್ಲಾ ಸಾಲೂ ‘ತೀನಿ’ ‘ತೀನಿ’ ಅಂತ ಮುಗಿದರೆ ನಾಲ್ಕನೇ ಸಾಲಿಗೆ ಕಿವಿ ಮುಚ್ಚಿಕೊಳ್ಳುತ್ತೆ. ಪಳಗಿದವರು ಕ್ರಿಯಾಪದವನ್ನು ಸಾಲಿನ ನಡುವೆ ತಳ್ಳಿ, ಕೊನೆಗೆ ನಾಮಪದ ನಿಲ್ಲಿಸುತ್ತಾರೆ. ‘ಎದ್ದಿತು ಓಣಿ’ ಅಂದಿದ್ದು ಅದಕ್ಕೇ. ಮಾತಾಡುವಾಗ ‘ಓಣಿ ಎದ್ದಿತು’ ಅನ್ನುತ್ತಿದ್ದೆವು.

ಇನ್ನೊಂದು ದಾರಿ ನಮ್ಮ ಹಳಬರದ್ದು. ಹಳೆಯ ಕನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಕೊನೆಗಲ್ಲ, ಶುರುವಿನಲ್ಲಿ, ಎರಡನೇ ಅಕ್ಷರದಲ್ಲಿ ಬರುತ್ತಿತ್ತು. ಬಾದಾಮಿಯ ಬಂಡೆ ಮೇಲೆ ಸುಮಾರು ಕ್ರಿ.ಶ. 700ರ ಕಾಲದ ಕಪ್ಪೆ ಅರಭಟ್ಟನ ಶಾಸನ ಇದೆಯಲ್ಲ, ಅದರಲ್ಲಿ “ಸಾಧುಗೆ ಸಾಧು” ಅಂತ ಶುರುವಾಗುವ ತ್ರಿಪದಿ ನೋಡಿ. ಎರಡನೇ ಸಾಲು ‘ಬಾಧಿಪ್ಪ’ ಅಂತ ಶುರುವಾಗುತ್ತೆ, ಮೂರನೆಯದು ‘ಮಾಧವ’ ಅಂತ. ಮೂರಕ್ಕೂ ಎರಡನೇ ಅಕ್ಷರ ಧಕಾರ. ಅರ್ಥವನ್ನೂ ನೋಡಿ: ಒಳ್ಳೆಯವರಿಗೆ ಒಳ್ಳೆಯವನು, ಪ್ರೀತಿಗೆ ಪ್ರೀತಿ ಕೊಡುವವನು, ಕಾಡಲು ಬಂದವನಿಗೆ ಕಲಿಯುಗಕ್ಕೇ ಎದುರು ನಿಲ್ಲುವವನು. ರ‍್ಯಾಪರ್‌ಗಳು ತಮ್ಮ ಬಗ್ಗೆ, ತಮ್ಮ ಗೆಳೆಯರ ಬಗ್ಗೆ ಎದೆ ತಟ್ಟಿಕೊಂಡು ಹೇಳೋದು ಇದೇ ಧಾಟಿಯಲ್ಲಿ. ಈ ಹುಡುಗರು ಬಾದಾಮಿಗೆ ಹೋಗಿ ಆ ಬಂಡೆ ಮುಂದೆ ಕೂತು ಇದನ್ನು ಚಪ್ಪಾಳೆ ತಟ್ಟಿ ಓದಿದ್ದಾರೆ. ನನಗೆ ಅದು ಬಹಳ ಇಷ್ಟವಾಯಿತು.

ಇನ್ನೊಬ್ಬ ಯಾಕೆ ಬೇಕು

ಈಗ ಕಾಕುನ ಪ್ರಶ್ನೆ. ಮೊದಲ ಕಾರಣ ಉಸಿರು.

ನಿಮಿಷಕ್ಕೆ 90 ಚಪ್ಪಾಳೆ ಬೀಳುವ ಹಾಡು ಅಂದುಕೊಳ್ಳಿ. ಒಬ್ಬ ರ‍್ಯಾಪರ್ ಸಾಮಾನ್ಯವಾಗಿ ಒಂದು ಸಲಕ್ಕೆ ಹದಿನಾರು ಬಾರ್ ಹೇಳುತ್ತಾನೆ. ಲೆಕ್ಕ ಹಾಕಿದರೆ ಸುಮಾರು 43 ಸೆಕೆಂಡ್. ಖಾನೆಗಳೆಲ್ಲ ತುಂಬಿದ್ದರೆ ಸೆಕೆಂಡಿಗೆ ಆರು ಮಾತ್ರೆ. ಉಸಿರು ತೆಗೆದುಕೊಳ್ಳೋಕೆ ಜಾಗ ಎಲ್ಲಿ? ಎರಡೇ ದಾರಿ. ಒಂದು, ಬರೆಯುವಾಗಲೇ ಖಾಲಿ ಖಾನೆ ಬಿಡೋದು. ಇನ್ನೊಂದು, ಸಾಲಿನ ಕೊನೆಯ ಪದವನ್ನು ಪಕ್ಕದಲ್ಲಿ ನಿಂತವನು ಎತ್ತಿಕೊಳ್ಳೋದು. ‘ಹಾಡೇ’ ಅಂತ ಒಬ್ಬ ನಿಲ್ಲಿಸುತ್ತಾನೆ, ‘ಏಣಿ’ ಅಂತ ಗೆಳೆಯ ಕೂಗುತ್ತಾನೆ, ಆ ಸಂದಿಯಲ್ಲಿ ಮೊದಲನೆಯವನು ಉಸಿರೆಳೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಾನೆ.

ಇದನ್ನು ಹೇಳಿದ ಕೂಡಲೇ ಕಾಕುಗೆ ಹೊಳೆಯಿತು. “ಗೀಗೀ ಪದದಾಗ ಹಿಮ್ಮ್ಯಾಳ ಇದ್ದಂಗ ಅನ್ನು.” ಹೌದು, ಅದೇ. ಗೀಗೀ ಮೇಳದಲ್ಲಿ ಮುಂದಿನವರು ದಪ್ಪು ಬಾರಿಸುತ್ತಾ ಕಥೆ ಹೇಳುತ್ತಾರೆ, ನುಡಿ ಮುಗಿದ ಕೂಡಲೇ ಹಿಮ್ಮೇಳದವರು ತುಂತುಣಿ ಮೀಟುತ್ತಾ ‘ಗೀ ಗೀ’ ಅಂತ ಎತ್ತಿಕೊಳ್ಳುತ್ತಾರೆ. ಮುಂದಿನವರಿಗೆ ಉಸಿರೂ ಸಿಗುತ್ತೆ, ಮುಂದಿನ ನುಡಿ ನೆನಪು ಮಾಡಿಕೊಳ್ಳೋಕೆ ಹೊತ್ತೂ ಸಿಗುತ್ತೆ. ಹಿಮ್ಮೇಳ ಇಲ್ಲದೆ ರಾತ್ರಿಯಿಡೀ ಹಾಡೋಕೆ ಯಾರಿಂದ ಆಗುತ್ತೆ?

ಎರಡನೇ ಕಾರಣ ಎದುರಾಳಿ. ರ‍್ಯಾಪ್ ಬ್ಯಾಟಲ್ ಅಂದರೆ ಇಬ್ಬರು ಎದುರು ಬದುರು ನಿಂತು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಅಲ್ಲೇ ಪದ ಕಟ್ಟಿ ಉತ್ತರ ಕೊಡೋದು. ಗೆದ್ದವರು ಯಾರು ಅಂತ ಸೇರಿದ ಜನ ಕೂಗಿ ಹೇಳುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆಯಲ್ಲಿ ಹರದೇಶಿ–ನಾಗೇಶಿ ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡು ಹೆಚ್ಚು ಅಂತ ಹರದೇಶಿಯವರು, ಹೆಣ್ಣು ಹೆಚ್ಚು ಅಂತ ನಾಗೇಶಿಯವರು, ಹಾಡಿನಲ್ಲೇ ಸವಾಲು, ಹಾಡಿನಲ್ಲೇ ಜವಾಬು. ಡೊಳ್ಳಿನ ಪದದಲ್ಲೂ ಇಂಥ ಜಿದ್ದು ಇದೆ. ರ‍್ಯಾಪ್ ಇಲ್ಲಿಂದ ಹುಟ್ಟಿತು ಅಂತ ನಾನು ಹೇಳುತ್ತಿಲ್ಲ, ಅದರ ಬೇರು ಬೇರೆ. ಆದರೆ ಎರಡರಲ್ಲೂ ಕೆಲಸ ನಡೆಯುವ ರೀತಿ ಒಂದೇ.

ಎದುರಾಳಿ ಜೊತೆ ಗುದ್ದಾಡೋಕೆ ಮುಂಚೆ ಅಭ್ಯಾಸ ಬೇಕಲ್ಲ. ಗೆಳೆಯರು ದುಂಡಗೆ ನಿಂತು ಸರದಿ ಪ್ರಕಾರ ಒಬ್ಬೊಬ್ಬರು ಹೇಳುತ್ತಾ ಹೋಗುತ್ತಾರೆ, ಆ ವೃತ್ತಕ್ಕೆ ಸೈಫರ್ ಅಂತ ಹೆಸರು. ಅಲ್ಲಿ ತಪ್ಪಿದರೆ ಯಾರೂ ಹೊರಗೆ ಹಾಕೋದಿಲ್ಲ. ಆದರೆ ಸುಳ್ಳು ಹೇಳಿದರೆ ಮುಖದ ಮೇಲೇ ಹೇಳುತ್ತಾರೆ. ಸೈಕಲ್ಲೂ ಇಲ್ಲದವನು ತನ್ನ ಕಾರಿನ ಬಗ್ಗೆ ಬರೆದರೆ ಮೊದಲು ಹಿಡಿಯುವವನು ಅವನ ಗೆಳೆಯ, ಯಾಕೆಂದರೆ ಅವನ ಮನೆ, ಅವನ ಸಾಲ, ಅವನ ಅಪ್ಪನ ಮಗ್ಗ ಎಲ್ಲಾ ಅವನಿಗೆ ಗೊತ್ತು.

ಅದಕ್ಕೇ ಇಂಥ ಸಿನಿಮಾಗಳಲ್ಲಿ ಗೆಳೆತನ ಅನ್ನೋದು ಪಕ್ಕದ ಕಥೆ ಆಗಿರೋದಿಲ್ಲ. ಗೆಳೆತನ ಹರಿದರೆ ಹಾಡೂ ನಿಲ್ಲುತ್ತದೆ. ಉಸಿರು ಕೊಡುವವನೇ ಇಲ್ಲ ಅಂದಮೇಲೆ ಮುಂದಿನ ಸಾಲು ಹೇಗೆ ಬರುತ್ತೆ?

ಸ್ವತಂತ್ರ ಸಿನಿಮಾ ಅಂದರೆ ಯಾವುದು

ಕಡಿಮೆ ದುಡ್ಡಿನ ಸಿನಿಮಾ ಅಂತ ಬಹಳ ಜನ ತಿಳಿದಿದ್ದಾರೆ. ಪೂರ್ತಿ ಸರಿಯಲ್ಲ. ಯಾರು ನಿರ್ಧಾರ ಮಾಡುತ್ತಾರೆ ಅನ್ನೋದರ ಮೇಲೆ ಇದೆ. ಸಾವಿರ ಜನರ ಮದುವೆ ಊಟಕ್ಕೆ ಅಡುಗೆ ಮಾಡುವಾಗ ಎಲ್ಲರ ನಾಲಿಗೆಗೆ ಹೊಂದಬೇಕು, ಖಾರ ಕಡಿಮೆ ಮಾಡಬೇಕು. ನಮ್ಮ ಖಾನಾವಳಿಯಲ್ಲಿ ಹಾಗಲ್ಲ. ಇವತ್ತು ಯಾವ ಪಲ್ಯ, ಎಷ್ಟು ಖಾರ ಅಂತ ನಡೆಸುವ ಅಕ್ಕನೇ ಹೇಳುತ್ತಾಳೆ. ಸ್ವತಂತ್ರ ಸಿನಿಮಾ ಖಾನಾವಳಿ ಇದ್ದ ಹಾಗೆ. ದೊಡ್ಡ ಸಂಸ್ಥೆಯ ದುಡ್ಡಿಲ್ಲ, ಹಾಗಾಗಿ ‘ಇಲ್ಲೊಂದು ಫೈಟ್ ಹಾಕಿ’ ಅನ್ನುವವರೂ ಇಲ್ಲ. 2002ರ ‘ಎಯ್ಟ್ ಮೈಲ್’ ಆಗಲಿ 2019ರ ‘ಗಲ್ಲಿ ಬಾಯ್’ ಆಗಲಿ ರ‍್ಯಾಪರ್‌ಗಳ ಕಥೆಯೇ, ಆದರೆ ಅವು ದೊಡ್ಡ ಬ್ಯಾನರಿನ ಚಿತ್ರಗಳು.

ಕನ್ನಡದಲ್ಲಿ ಈ ದಾರಿ ಈಗಾಗಲೇ ಇದೆ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ‘ತಿಥಿ’ಯಲ್ಲಿ ನಟಿಸಿದ್ದು ಮಂಡ್ಯ ಕಡೆಯ ಹಳ್ಳಿಯ ಜನ. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ಅಲ್ಲಿಯ ಜನರನ್ನೇ ಇಟ್ಟುಕೊಂಡು ತೆಗೆದ ‘ಶಿವಮ್ಮ’ 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು. ನಮ್ಮ ಕಡೆಯ ಮಾತು, ನಮ್ಮ ಕಡೆಯ ಮುಖ ಇದ್ದರೆ ಯಾರು ನೋಡ್ತಾರೆ ಅನ್ನೋ ಅನುಮಾನಕ್ಕೆ ಇದು ಸಾಕು.

ಕಥೆ ಯಾಕೆ ಈ ವಯಸ್ಸಿನದೇ

ಇಪ್ಪತ್ತರಿಂದ ಇಪ್ಪತ್ತೈದು. ಕಾಲೇಜು ಮುಗಿದಿದೆ, ಕೆಲಸ ಇನ್ನೂ ಇಲ್ಲ. ಬೆಳಗಾವಿಯಿಂದ ಒಬ್ಬ ಪುಣೆಗೆ, ಒಬ್ಬಳು ಬೆಂಗಳೂರಿಗೆ, ಒಬ್ಬ ಅಪ್ಪನ ಅಂಗಡಿಗೆ. ದಿನಾ ಒಂದೇ ಕಟ್ಟೆ ಮೇಲೆ ಕೂತವರು ಆರು ತಿಂಗಳಲ್ಲಿ ಮೂರು ಊರು. ಜಗಳ ಆಗದೆಯೂ ದೂರ ಆಗಬಹುದು ಅಂತ ಗೊತ್ತಾಗುವ ವಯಸ್ಸು ಇದು.

ಜಪಾನಿನ ಒಂದು ಸಣ್ಣ ಚಿತ್ರ ಇದನ್ನು ಬಹಳ ಚೆನ್ನಾಗಿ ಹಿಡಿದಿದೆ. ಯು ಇರಿಯೆ ನಿರ್ದೇಶನದ, 2009ರ ‘ಸೈತಾಮಾ ನೋ ರ‍್ಯಾಪರ್’. ಟೋಕಿಯೊ ಪಕ್ಕದ ಸೈತಾಮಾದಲ್ಲಿ, ಹೊಲಗಳ ನಡುವಿನ ಸಣ್ಣ ಊರಿನ ಹುಡುಗರು ರ‍್ಯಾಪ್ ತಂಡ ಕಟ್ಟುತ್ತಾರೆ, ತಂಡ ಒಡೆಯುತ್ತದೆ. ಕೊನೆಗೆ ಒಬ್ಬ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ, ಹಳೆಯ ಗೆಳೆಯ ಕಟ್ಟಡ ಕೆಲಸದವರ ಜೊತೆ ಅಲ್ಲಿಗೆ ಊಟಕ್ಕೆ ಬರುತ್ತಾನೆ. ಸಮವಸ್ತ್ರದಲ್ಲೇ ನಿಂತು, ಬೀಟ್ ಇಲ್ಲದೆ, ಇವನು ಗೆಳೆಯನ ಮುಂದೆ ರ‍್ಯಾಪ್ ಶುರು ಮಾಡುತ್ತಾನೆ. ಕ್ಯಾಮೆರಾ ಕಟ್ ಆಗೋದೇ ಇಲ್ಲ. ನೇರವಾಗಿ ‘ಬಾರೋ’ ಅಂತ ಕರೆಯೋಕೆ ಆಗದ್ದನ್ನು ಅವನು ಪ್ರಾಸದಲ್ಲಿ ಕರೆಯುತ್ತಿದ್ದಾನೆ.

ಅಮೆರಿಕದ ಓಕ್‌ಲ್ಯಾಂಡಿನ ‘ಬ್ಲೈಂಡ್‌ಸ್ಪಾಟಿಂಗ್’ (2018) ಬರೆದದ್ದು, ಅದರಲ್ಲಿ ಗೆಳೆಯರಾಗಿ ನಟಿಸಿದ್ದು ನಿಜವಾಗಿಯೂ ಗೆಳೆಯರಾದ ಡೇವಿಡ್ ಡಿಗ್ಸ್ ಮತ್ತು ರಾಫೆಲ್ ಕಸಾಲ್. 2024ರ ‘ನೀಕ್ಯಾಪ್’ನಲ್ಲಿ ಐರಿಷ್ ಭಾಷೆಯಲ್ಲಿ ರ‍್ಯಾಪ್ ಮಾಡುವ ಬೆಲ್‌ಫಾಸ್ಟಿನ ತಂಡದ ಮೂವರು ತಮ್ಮ ಪಾತ್ರ ತಾವೇ ಮಾಡಿದ್ದಾರೆ. ಎರಡರಲ್ಲೂ ಊರಿನ ಮಾತೇ ಬಂಡವಾಳ.

ನಮಗೆ ಬೇಕಾದಷ್ಟು ಬಂಡವಾಳ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಆ ಜನರಿಗಾಗಿ ನವನಗರ ಕಟ್ಟಿದರು. ಒಂದೇ ಓಣಿಯ ಮನೆಗಳು ಬೇರೆ ಬೇರೆ ಸೆಕ್ಟರಿಗೆ ಹೋದವು. ಕಾಕು ಇವತ್ತಿಗೂ ಹಳೆಯ ಓಣಿಯ ಗೆಳತಿಯ ಬಗ್ಗೆ ಹೇಳುತ್ತಾರೆ. ಬೆಳಗಾವಿಯಲ್ಲಿ ಒಂದೇ ಗುಂಪಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಓಡಾಡುತ್ತವೆ. ಬೈಲಹೊಂಗಲ ಸೀಮೆಯ ಸಣ್ಣಾಟ ಸಂಗ್ಯಾ–ಬಾಳ್ಯಾದ ಹೆಸರೇ ಇಬ್ಬರು ಗೆಳೆಯರದ್ದು.

ಬೀಟ್ ಅನ್ನೋ ಕೌದಿ

ಹಳೆಯ ಸೀರೆ, ಧೋತರ, ಅಂಗಿ ತುಂಡು ಸೇರಿಸಿ ನಮ್ಮ ಕಡೆ ಕೌದಿ ಹೊಲಿಯುತ್ತಾರೆ. ಬೀಟ್ ಮಾಡೋದರಲ್ಲೂ ಅಂಥ ಒಂದು ವಿಧಾನ ಇದೆ. ಹಳೆಯ ಹಾಡಿನ ಎರಡು ಸೆಕೆಂಡು, ಒಂದು ಡ್ರಮ್ಮಿನ ಏಟು, ಮಗ್ಗದ ಲಾಳಿಯ ಸದ್ದು, ಎಲ್ಲಾ ಕತ್ತರಿಸಿ ಜೋಡಿಸೋದು. ಇದಕ್ಕೆ ಸ್ಯಾಂಪ್ಲಿಂಗ್ ಅಂತಾರೆ. ಮನೆಯ ಸೀರೆ ಆದರೆ ತೊಂದರೆ ಇಲ್ಲ. ಪಕ್ಕದ ಮನೆಯ ಸೀರೆ ಕತ್ತರಿಸಬೇಕಾದರೆ ಕೇಳಬೇಕು. ಹಾಡಿಗೂ ಹಾಗೇ, ಕಾಪಿರೈಟ್ ಇರುತ್ತೆ, ಬರೆದವರ ಹಕ್ಕು ಬೇರೆ, ರೆಕಾರ್ಡಿಂಗಿನ ಹಕ್ಕು ಬೇರೆ, ಎರಡಕ್ಕೂ ಅನುಮತಿ ಬೇಕು.

ನೆಟ್ಟಿನಲ್ಲಿ ಉಚಿತ ಅಂತ ಹಾಕಿರುವ ಬೀಟುಗಳ ಬಗ್ಗೆ ಒಂದು ಎಚ್ಚರ. ಬಹಳಷ್ಟು ಸಲ ಅದು ದುಡ್ಡು ಮಾಡದ ಬಳಕೆಗೆ ಮಾತ್ರ ಉಚಿತ. ಸಿನಿಮಾಗೆ ಹಾಕಬೇಕಾದರೆ ಬೇರೆಯೇ ಒಪ್ಪಂದ ಬೇಕು. ಒಂದೇ ಬೀಟನ್ನು ಹತ್ತು ಜನಕ್ಕೆ ಬಾಡಿಗೆ ಕೊಡುವ ಪದ್ಧತಿಯೂ ಇದೆ. ನನಗೆ ಗೊತ್ತಿರುವ ಹುಡುಗರ ಒಂದು ಕಿರುಚಿತ್ರ ಇದೇ ಕಾರಣಕ್ಕೆ ಹಾಕಿದ ಮೂರನೇ ದಿನಕ್ಕೆ ಶಬ್ದ ಕಳೆದುಕೊಂಡಿತು. ಮುಖ ಕಾಣುತ್ತೆ, ಬಾಯಿ ಆಡುತ್ತೆ, ದನಿ ಇಲ್ಲ. ನೋಡಿ ಸಂಕಟವಾಯಿತು. ಗೆಳೆಯರಲ್ಲೇ ಒಬ್ಬರು ಬೀಟ್ ಕಟ್ಟೋದನ್ನು ಕಲಿತರೆ ಈ ತೊಂದರೆಯೇ ಇಲ್ಲ. ಆಗಲೂ ಯಾರ ಪಾಲು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಳ್ಳಿ. ಗೆಳೆತನ ಉಳಿಯಲಿ ಅಂತಲೇ ಹೇಳುತ್ತಿದ್ದೇನೆ.

ರೆಕಾರ್ಡಿಂಗ್, ಶೂಟಿಂಗ್, ಸರ್ಟಿಫಿಕೇಟು

ಗೋಳಗುಮ್ಮಟದೊಳಗೆ ಒಂದು ಚಪ್ಪಾಳೆ ಹೊಡೆದರೆ ಎಷ್ಟು ಸಲ ವಾಪಸ್ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಅಲ್ಲಿ ರ‍್ಯಾಪ್ ಮಾಡಿದರೆ ಒಂದು ಪದದ ಮೇಲೆ ಇನ್ನೊಂದು ಬಿದ್ದು ಏನೂ ತಿಳಿಯೋದಿಲ್ಲ. ಖಾಲಿ ಗೋಡೆಯ ಸಣ್ಣ ಕೋಣೆಯಲ್ಲೂ ಇದೇ ಸಣ್ಣದಾಗಿ ಆಗುತ್ತೆ. ಗೋಡೆಗೆ ದಪ್ಪ ಬಟ್ಟೆ ಇಳಿಬಿಟ್ಟರೆ ಅದು ಸದ್ದನ್ನು ಹೀರಿಕೊಳ್ಳುತ್ತೆ.

ಶೂಟಿಂಗಿನಲ್ಲಿ ಬೀಟನ್ನು ಜೋರಾಗಿ ಹಾಕಿದರೆ ಮಾತಿನ ಜೊತೆ ಅದೂ ಮೈಕಿಗೆ ಸೇರಿಬಿಡುತ್ತೆ. ಆಮೇಲೆ ಎಡಿಟ್ ಮಾಡುವಾಗ ಬಿಡಿಸೋದು ಕಷ್ಟ. ಅದಕ್ಕೆ ನಟನ ಕಿವಿಯಲ್ಲಿ ಮಾತ್ರ ಕೇಳಿಸುವ ಹಾಗೆ ಸಣ್ಣ ಇಯರ್‌ಫೋನ್ ಇಡುತ್ತಾರೆ. ಹೊರಗೆ ನಿಂತವರಿಗೆ ಬರೀ ಮಾತು ಕೇಳಿಸುತ್ತೆ, ಅವನಿಗೆ ತಾಳವೂ ಕೇಳಿಸುತ್ತಿರುತ್ತೆ.

ಥಿಯೇಟರಿನಲ್ಲಿ ತೋರಿಸಬೇಕಾದರೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟು ಬೇಕೇ ಬೇಕು. 2023ರ ತಿದ್ದುಪಡಿ ಆದ ಮೇಲೆ ಯುಎ (ದೊಡ್ಡವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದದ್ದು) ಒಳಗೇ 7, 13, 16 ವರ್ಷ ಅಂತ ಮೂರು ಮೆಟ್ಟಿಲು ಬಂದಿವೆ. ಬೈಗುಳ ಜಾಸ್ತಿ ಇದ್ದರೆ ಎ (ವಯಸ್ಕರಿಗೆ ಮಾತ್ರ) ಸಿಗಬಹುದು. ಬರೆಯುವಾಗಲೇ ಇದನ್ನು ಯೋಚಿಸಿದರೆ ಒಳ್ಳೆಯದು, ಮುಗಿದ ಮೇಲೆ ಪದ ಕತ್ತರಿಸಿದರೆ ಹದಿನಾರು ಖಾನೆಯ ಲೆಕ್ಕವೇ ಕೆಡುತ್ತದೆ.

ಆ ಸಂಜೆ ಕಾಕು ಟ್ರಂಕಿನಿಂದ ಮೂರು ಕೌದಿ ತೆಗೆದುಕೊಟ್ಟರು. ಎರಡನ್ನು ಗೋಡೆಗೆ ಕಟ್ಟಿದರು, ಒಂದನ್ನು ಬಾಗಿಲಿಗೆ. ಪುಣೆಗೆ ಹೋಗುವ ಹುಡುಗನ ಪಾತ್ರದವನಿಗೆ ಆ ಸಾಲಿನಲ್ಲಿ ಉಸಿರು ಸಾಲುತ್ತಿರಲಿಲ್ಲ. ‘ಹಾಡೇ’ ಅಂತ ಅವನು ನಿಲ್ಲಿಸಿದ, ‘ಏಣಿ’ ಅಂತ ಕಾಕುನ ಮಗ ಎತ್ತಿಕೊಂಡ, ಅಲ್ಲಿಗೆ ಸರಿಹೋಯಿತು.

ಸಿನಿಮಾದ ಕೊನೆಗೆ ಏನು ಮಾಡ್ತೀರಿ ಅಂತ ಕೇಳಿದೆ. ಪುಣೆಯ ರೂಮಿನಲ್ಲಿ ಅವನು ಒಬ್ಬನೇ ಕೂತು ಅದೇ ಸಾಲು ಹೇಳ್ತಾನೆ, ‘ಹಾಡೇ’ ಅಂತ ನಿಲ್ಲಿಸ್ತಾನೆ ಅಂದ ಕಾಕುನ ಮಗ. “ಆಮ್ಯಾಲೆ?” ಅಂದರು ಕಾಕು. “ಆ ಜಾಗಾ ಖಾಲಿ ಬಿಡ್ತೀವಿ, ಅವ್ವಾ.”